ವರದಿ ಮನೆಗೆ ಬಂದಾಗ: ಒಂದು ಕಾದಂಬರಿಯ ಓದು

ಮುಂಡರಗಿ ತಾಲ್ಲೂಕಿನ ಹಮ್ಮಿಗಿ ತುಂಗಭದ್ರೆಯ ದಂಡೆಯ ಊರು. ಅಲ್ಲಿನ ಮಕ್ಕಳೊಂದಿಗೆ ಸಂಭವನೀಯತೆಯ ಬಗ್ಗೆ ಮಾತನಾಡುವ ಅವಕಾಶ ನನಗೊಮ್ಮೆ ಒದಗಿತ್ತು. ನಾಣ್ಯ ಚಿಮ್ಮುವುದರಿಂದ ಆರಂಭಿಸಿ ರಕ್ತದ ಗುಂಪುಗಳವರೆಗೆ ಬಂದೆ. ಮಾತು ಮುಗಿದ ಮೇಲೆ ಹುಡುಗನೊಬ್ಬ ಹತ್ತಿರ ಬಂದು ಮೆಲುದನಿಯಲ್ಲಿ ಕೇಳಿದ: "ಸರ, ನಮ್ಮಪ್ಪಂದು ಎಬಿ ಅಂತ ಕಾರ್ಡಿನ್ಯಾಗ ಬರದಾರ್ರಿ. ನಂದು ಓ. ಹಂಗ ಆಗಾಕ ಬರ್ತೈತೇನ್ರಿ?"

ಪಠ್ಯಪುಸ್ತಕದ ಉತ್ತರ 'ಬರುವುದಿಲ್ಲ' ಎಂಬುದು. ನಾನು ಹಾಗೆಂದಿದ್ದರೆ ಆ ಹುಡುಗ ಅಂದು ಏನನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದ? ಈ ಪ್ರಶ್ನೆ ಇಟ್ಟುಕೊಂಡೇ ಮೈಕೇಲ್ ಕ್ರೈಟನ್ನರ 'ನೆಕ್ಸ್ಟ್' ಎಂಬ ಇಂಗ್ಲಿಷ್ ಕಾದಂಬರಿಯನ್ನು ಮತ್ತೆ ಓದಿದೆ.

'ಜುರಾಸಿಕ್ ಪಾರ್ಕ್' ಬರೆದ ಕ್ರೈಟನ್ ವೈದ್ಯಶಾಸ್ತ್ರ ಓದಿದವರು. 'ನೆಕ್ಸ್ಟ್' 2006ರಲ್ಲಿ ಪ್ರಕಟವಾಯಿತು. 2008ರಲ್ಲಿ ಅವರು ತೀರಿಕೊಂಡರು. ನಾಳೆಯೋ ನಾಡಿದ್ದೋ ನಡೆಯಬಹುದಾದ ಸಂಗತಿಗಳ ರೋಚಕ ಕಥೆ ಇದು. ರೋಗಿಯೊಬ್ಬನ ಜೀವಕೋಶಗಳು ಕಂಪನಿಯೊಂದರ ಸೊತ್ತಾಗುತ್ತವೆ. ಅವು ಹಾಳಾದಾಗ ಕಂಪನಿಯು ಅವನ ಮಗಳು ಮತ್ತು ಮೊಮ್ಮಗನ ಬೆನ್ನು ಹತ್ತುತ್ತದೆ. ಅವರ ದೇಹದಲ್ಲೂ 'ನಮ್ಮ' ಕೋಶಗಳಿವೆ ಎಂಬುದು ಅದರ ವಾದ. ಇನ್ನೊಂದೆಡೆ, ವಿಚ್ಛೇದನದ ಮೊಕದ್ದಮೆಯಲ್ಲಿ ಮಕ್ಕಳನ್ನು ತನ್ನ ಬಳಿ ಉಳಿಸಿಕೊಳ್ಳಲು ಗಂಡನ ಕಡೆಯವರು ಹೆಂಡತಿಯ ಆನುವಂಶಿಕ ಪರೀಕ್ಷೆಗೆ ಒತ್ತಾಯಿಸುತ್ತಾರೆ.

ಇದು ಬರಿಯ ಕಲ್ಪನೆಯಲ್ಲ. ಜಾನ್ ಮೂರ್ ಎಂಬ ರೋಗಿಯ ಗುಲ್ಮದ ಕೋಶಗಳಿಂದ ಬೆಳೆಸಿದ ಕೋಶತಂತುವಿಗೆ 1984ರಲ್ಲಿ ಪೇಟೆಂಟ್ ದೊರಕಿತ್ತು. ತೆಗೆದ ಕೋಶಗಳ ಮೇಲೆ ರೋಗಿಗೆ ಒಡೆತನವಿಲ್ಲ, ಆದರೆ ವೈದ್ಯರು ತಮ್ಮ ಆಸಕ್ತಿಯನ್ನು ಮೊದಲೇ ತಿಳಿಸಬೇಕಿತ್ತು ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು. ಕ್ರೈಟನ್ ಆ ತೀರ್ಪನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆದು ತೋರಿಸುತ್ತಾರೆ, ಅಷ್ಟೆ. ಜೀನುಗಳಿಗೆ ಪೇಟೆಂಟ್ ಕೊಡಬಾರದು ಎಂದು ಪುಸ್ತಕದ ಕೊನೆಯಲ್ಲಿ ಅವರು ನೇರವಾಗಿಯೇ ವಾದಿಸಿದರು. ನಿಸರ್ಗದಲ್ಲಿರುವ ಡಿಎನ್‌ಎಯನ್ನು ಬೇರ್ಪಡಿಸಿದ ಮಾತ್ರಕ್ಕೆ ಪೇಟೆಂಟ್ ಸಲ್ಲದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಈ ಭಾಗದಲ್ಲಿ ಕಾದಂಬರಿ ಗೆದ್ದಿದೆ.

ಸೋತಿರುವುದು ಎಲ್ಲಿ? ವಿಜ್ಞಾನದಲ್ಲಿಯೇ. ಕಥೆಯಲ್ಲಿ 'ಪ್ರಬುದ್ಧತೆಯ ಜೀನು' ಇರುವ ಸಿಂಪರಣೆಯನ್ನು ಆಕಸ್ಮಿಕವಾಗಿ ಮೂಗಿಗೆಳೆದುಕೊಂಡ ವ್ಯಸನಿಯೊಬ್ಬ ಏಕಾಏಕಿ ಜವಾಬ್ದಾರಿಯುತ ಮನುಷ್ಯನಾಗಿಬಿಡುತ್ತಾನೆ. ಒಂದು ಗುಣಕ್ಕೆ ಒಂದು ಜೀನು ಎಂಬ ನಂಬಿಕೆಯನ್ನು ಲೇಖಕರು ಕೆಲವೆಡೆ ಲೇವಡಿ ಮಾಡುತ್ತಾರೆ, ಆದರೆ ಕಥೆ ಓಡುವುದು ಅದೇ ನಂಬಿಕೆಯ ಗಾಲಿಗಳ ಮೇಲೆ. ಎತ್ತರದಂತಹ ಸರಳ ಲಕ್ಷಣವನ್ನೇ ನೋಡಿ: 2022ರಲ್ಲಿ ಪ್ರಕಟವಾದ, ಸುಮಾರು 54 ಲಕ್ಷ ಜನರ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು ಅದಕ್ಕೆ ಸಂಬಂಧಿಸಿದ 12,111 ಡಿಎನ್‌ಎ ವ್ಯತ್ಯಾಸಗಳನ್ನು ಗುರುತಿಸಿತು. ಹೀಗಿರುವಾಗ ಪ್ರಬುದ್ಧತೆಗೆ ಒಂದೇ ಜೀನು ಎಲ್ಲಿಂದ ಬಂತು? ಹಂಟಿಂಗ್‌ಟನ್ ಕಾಯಿಲೆಯಂತೆ ಒಂದೇ ಜೀನಿನ ದೋಷವು ಹೆಚ್ಚುಕಡಿಮೆ ಖಚಿತ ಫಲ ಕೊಡುವ ಉದಾಹರಣೆಗಳಿವೆ, ನಿಜ. ಆದರೆ ಹೆಚ್ಚಿನ ಆನುವಂಶಿಕ ವರದಿಗಳು ಹೇಳುವುದು ಸಂಭವನೀಯತೆಯನ್ನು. ಓದುವವರು ಅದನ್ನು ಹಣೆಬರಹವೆಂದು ಓದುತ್ತಾರೆ. ಕಾದಂಬರಿ ಈ ತಪ್ಪನ್ನು ತಿದ್ದುವ ಬದಲು ಬೆಳೆಸುತ್ತದೆ.

ಈಗ ಹಮ್ಮಿಗಿಯ ಹುಡುಗನ ಪ್ರಶ್ನೆಗೆ ಬರೋಣ. ಎಬಿ ಗುಂಪಿನ ತಂದೆ ಮಗುವಿಗೆ ಎ ಅಥವಾ ಬಿ ಜೀನನ್ನು ಕೊಡಲೇಬೇಕು. ಆದ್ದರಿಂದ ಮಗು ಓ ಆಗಲಾರದು. ಇದು ನಿಯಮ. ಆದರೆ ಎ ಮತ್ತು ಬಿ ಪ್ರತಿಜನಕಗಳು ರೂಪುಗೊಳ್ಳುವುದು ಎಚ್ ಎಂಬ ಇನ್ನೊಂದು ವಸ್ತುವಿನ ಮೇಲೆ. ಅಡಿಪಾಯವೇ ಇಲ್ಲದಿದ್ದರೆ ಗೋಡೆ ಏಳದು. ಎಚ್ ತಯಾರಿಸುವ ಜೀನು ತಂದೆತಾಯಿ ಇಬ್ಬರಿಂದಲೂ ದೋಷಯುಕ್ತವಾಗಿ ಬಂದರೆ, ಎ ಅಥವಾ ಬಿ ಜೀನು ಇದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ರಕ್ತವು ಓ ಎಂದೇ ಕಾಣುತ್ತದೆ. ಇದೇ 'ಬಾಂಬೆ ರಕ್ತದ ಗುಂಪು'. 1952ರಲ್ಲಿ ವೈ.ಎಂ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಇದನ್ನು ಗುರುತಿಸಿದರು. ಇದು ವಿರಳ. ಆದರೆ ರಕ್ತಸಂಬಂಧದ ಮದುವೆಗಳಲ್ಲಿ ಇಂತಹ ಅಪ್ರಬಲ ಜೀನುಗಳು ಜೋಡಿಯಾಗುವ ಸಾಧ್ಯತೆ ಹೆಚ್ಚು. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ, ಮಗುವಿನ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರ ಒಂದೇ ಪ್ರತಿಯಿಂದ ಬಂದಿರುವ ಸಂಭವನೀಯತೆ 1/8. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ 1/16. ನಮ್ಮ ಭಾಗದ ಶಿಕ್ಷಕರಿಗೆ ಇದು ದೂರದ ಲೆಕ್ಕವಲ್ಲ.

ಇದಕ್ಕಿಂತಲೂ ಸಾಮಾನ್ಯವಾದ ಕಾರಣ ಮತ್ತೊಂದಿದೆ: ಬರೆಯುವಾಗಿನ ತಪ್ಪು. ಅಳತೆ ನಿಯಮಕ್ಕೆ ಹೊಂದದಿದ್ದಾಗ ಭೌತವಿಜ್ಞಾನಿ ಮೊದಲು ಅನುಮಾನಿಸುವುದು ಉಪಕರಣವನ್ನು. "ಕಾರ್ಡನ್ನು ಮೊದಲು ಅನುಮಾನಿಸು, ಮನುಷ್ಯರನ್ನಲ್ಲ" ಎಂದು ಹುಡುಗನಿಗೆ ಹೇಳಿದೆ. ಮರುಪರೀಕ್ಷೆಯಲ್ಲಿ ತಂದೆಯ ಗುಂಪು ಎ ಎಂದು ಬಂತು. ಕಾರ್ಡಿನಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು.

ಕಾರ್ಡು ಸರಿಯಾಗಿದ್ದಿದ್ದರೆ? ಈ ಪ್ರಶ್ನೆಯಿಂದ ನಾವು ತಪ್ಪಿಸಿಕೊಳ್ಳುವಂತಿಲ್ಲ. ಇಲ್ಲಿ ನೆನಪಾಗುವುದು ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' (1965). ವಂಶದ ಶುದ್ಧಿಯನ್ನೇ ನಂಬಿ ಬದುಕಿದ ಶ್ರೀನಿವಾಸ ಶ್ರೋತ್ರಿಯವರು ತಾವು ಆ ವಂಶದ ರಕ್ತಕ್ಕೆ ಹುಟ್ಟಿದವರಲ್ಲ ಎಂಬುದನ್ನು ಇಳಿವಯಸ್ಸಿನಲ್ಲಿ ತಿಳಿಯುತ್ತಾರೆ. ಅಲ್ಲಿ ಪ್ರಯೋಗಾಲಯವಿಲ್ಲ, ಬೆನ್ನಟ್ಟುವವರಿಲ್ಲ. ಆದರೂ ಒಂದು ಸತ್ಯ ಮನೆಯೊಳಗೆ ಬಂದಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದು 'ನೆಕ್ಸ್ಟ್'ನ ನೂರು ಘಟನೆಗಳಿಗಿಂತ ಆಳವಾಗಿ ತಟ್ಟುತ್ತದೆ. ಕ್ರೈಟನ್ನರ ಪಾತ್ರಗಳಿಗೆ ಓಡಲು ಸಮಯವಿದೆ, ಯೋಚಿಸಲು ಇಲ್ಲ. ವಿಮರ್ಶಕನಾಗಿ ನನ್ನ ಮುಖ್ಯ ಆಕ್ಷೇಪಣೆ ಇದೇ.

ನಮ್ಮ ಕಾನೂನು ಈ ವಿಷಯದಲ್ಲಿ ಕಾದಂಬರಿಯ ವಕೀಲರಿಗಿಂತ ಸೂಕ್ಷ್ಮವಾಗಿದೆ. ಸಿಂಧುವಾದ ವಿವಾಹದಲ್ಲಿ ಹುಟ್ಟಿದ ಮಗು ಆ ದಂಪತಿಯದೇ ಎಂಬ ಭಾವನೆ 1872ರ ಸಾಕ್ಷ್ಯ ಅಧಿನಿಯಮದಲ್ಲಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಲ್ಲೂ ಉಳಿದಿದೆ. ದಂಪತಿಯ ಜಗಳದಲ್ಲಿ ಮಗುವಿನ ಡಿಎನ್‌ಎ ಪರೀಕ್ಷೆಗೆ ವಾಡಿಕೆಯಂತೆ ಆದೇಶಿಸಬಾರದೆಂದು ನಮ್ಮ ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿತು. ಮಗು ಆ ಜಗಳದ ಪಕ್ಷಗಾರನಲ್ಲ. ಯಾರ ಆನುವಂಶಿಕ ವರದಿಯೂ ಅವರೊಬ್ಬರದೇ ಆಗಿರುವುದಿಲ್ಲ. ಅಣ್ಣತಮ್ಮ, ಅಕ್ಕತಂಗಿಯರ ವಿಷಯವೂ ಅದರಲ್ಲಿ ಅರ್ಧದಷ್ಟಿರುತ್ತದೆ.

ಶಿಕ್ಷಕ ಮಿತ್ರರೇ, 'ನೆಕ್ಸ್ಟ್' ಅನ್ನು ಓದಿ. ಒಡೆತನದ ಪ್ರಶ್ನೆಗಳಿಗಾಗಿ ಓದಿ, ಜೀವವಿಜ್ಞಾನಕ್ಕಾಗಿ ಬೇಡ. ತರಗತಿಯಲ್ಲಿ ಆನುವಂಶೀಯತೆ ಕಲಿಸುವಾಗ ಮಕ್ಕಳಿಂದ ಅವರ ಮನೆಯವರ ರಕ್ತದ ಗುಂಪುಗಳನ್ನು ಬರೆಸಿಕೊಳ್ಳುವ ಪಾಠವನ್ನು ದಯವಿಟ್ಟು ಕೈಬಿಡಿ. ಕಲ್ಪಿತ ಕುಟುಂಬವೊಂದನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಮೆಂಡೆಲನ ನಿಯಮಗಳು ಅದಕ್ಕೂ ಅಷ್ಟೇ ಅನ್ವಯಿಸುತ್ತವೆ. ಹಾಗೆ ಮಾಡಿದರೆ ಯಾವ ಮಗುವೂ ಪಾಠದ ಬದಲು ಅನುಮಾನವನ್ನು ಹೊತ್ತು ಮನೆಗೆ ಹೋಗುವುದಿಲ್ಲ.