ಬಾಯಿಪಾಠ ಮತ್ತು ಕಾದ ತವರ

ಬರಹದ ಹಂಗಿಲ್ಲದೆ ವೇದವನ್ನು ಸಾವಿರಾರು ವರ್ಷ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರಲ್ಲ, ಅದೇನು ಸಾಮಾನ್ಯವೇ ಅಂತ ಕೇಳುವವರು ನಮ್ಮ ನಡುವೆಯೂ ಇದ್ದಾರೆ. ಸಾಮಾನ್ಯವಲ್ಲ, ಒಪ್ಪುತ್ತೇವೆ. ಋಗ್ವೇದವೊಂದರಲ್ಲೇ ೧೦,೦೦೦ಕ್ಕೂ ಮೀರಿದ ಋಕ್ಕುಗಳಿವೆ. ಜಟಾಪಾಠದಲ್ಲಿ ಒಂದನೆಯ ಪದ, ಎರಡನೆಯದು. ತಿರುಗಿ ಎರಡನೆಯದು, ಒಂದನೆಯದು. ಮತ್ತೆ ಒಂದನೆಯದು, ಎರಡನೆಯದು ಎಂದು ಜಡೆ ಹೆಣೆದಂತೆ ಹೇಳುತ್ತಾರೆ. ಘನಪಾಠದಲ್ಲಿ ಮೂರನೆಯ ಪದವೂ ಸೇರಿ ಹೆಣಿಗೆ ಇನ್ನೂ ಬಿಗಿಯಾಗುತ್ತದೆ. ಒಂದು ಅಕ್ಷರ ಜಾರಿದರೂ ಸಿಕ್ಕಿಬೀಳಬೇಕು, ಅಂಥ ಏರ್ಪಾಡು. ಸ್ವರ ತಪ್ಪಿ ಹೇಳಿದ್ದಕ್ಕೆ, ಇಂದ್ರನನ್ನು ಕೊಲ್ಲಬೇಕಿದ್ದ ವೃತ್ರ ಇಂದ್ರನ ಕೈಯಲ್ಲೇ ಸತ್ತ ಎಂಬ ಕತೆ ತೈತ್ತಿರೀಯ ಸಂಹಿತೆಯಲ್ಲೇ ಇದೆ.

ಅಕ್ಷರದ ಮೇಲೆ ಇಷ್ಟು ಎಚ್ಚರ. ಮನುಷ್ಯನ ಮೇಲೆ? ಗೌತಮ ಧರ್ಮಸೂತ್ರದ ಪ್ರಕಾರ ಶೂದ್ರ ವೇದ ಕೇಳಿಸಿಕೊಂಡರೆ ಅವನ ಕಿವಿಗೆ ಕಾದ ತವರ ಮತ್ತು ಅರಗು. ಉಚ್ಚರಿಸಿದರೆ ನಾಲಿಗೆ ಕತ್ತರಿಸಬೇಕು. ನೆನಪಿಟ್ಟುಕೊಂಡರೆ ಮೈಯನ್ನೇ ಸೀಳಬೇಕು. ಅದ್ವೈತ ಹೇಳಿದ ಶಂಕರಾಚಾರ್ಯರೂ ಬ್ರಹ್ಮಸೂತ್ರ ಭಾಷ್ಯದಲ್ಲಿ ಇದೇ ಮಾತನ್ನು ಆಧಾರವಾಗಿ ಎತ್ತಿಕೊಳ್ಳುತ್ತಾರೆ. ಗಮನಿಸಿ, ಶಿಕ್ಷೆಯ ಕ್ರಮವೂ ಬಾಯಿಪಾಠದ ಕ್ರಮವೇ: ಕೇಳುವುದು, ಹೇಳುವುದು, ನೆನಪಿಡುವುದು. ಗುರುಕುಲದಲ್ಲಿ ಒಬ್ಬನಿಗೆ ವಿದ್ಯೆಯಾದದ್ದು ಬಾಗಿಲಾಚೆ ಇನ್ನೊಬ್ಬನಿಗೆ ಮರಣದಂಡನೆ. ಇದೆಲ್ಲ ಹಳೇ ಕಾಲದ್ದು ಬಿಡಿ ಅನ್ನುವವರು, ಬಾಲಕ ಅಂಬೇಡ್ಕರರಿಗೆ ಶಾಲೆಯಲ್ಲಿ ಸಂಸ್ಕೃತ ಸಿಗದೆ ಪರ್ಶಿಯನ್ ತೆಗೆದುಕೊಳ್ಳಬೇಕಾಗಿ ಬಂದದ್ದನ್ನು ನೆನೆಯಲಿ.

೨೦೦೩ರಲ್ಲಿ ಯುನೆಸ್ಕೊ ವೇದಪಠಣವನ್ನು ಮನುಕುಲದ ಮೌಖಿಕ ಪರಂಪರೆಯ ಮೇರುಕೃತಿ ಎಂದು ಸಾರಿತು. ಸಾವಿರಕ್ಕೂ ಹೆಚ್ಚಿದ್ದ ಪಠಣ ಶಾಖೆಗಳಲ್ಲಿ ಉಳಿದಿರುವುದು ೧೩ ಮಾತ್ರ ಎಂದೂ ಹೇಳಿತು. ಕಾಲ ಬದಲಾಯಿತು, ಇಂಗ್ಲಿಷ್ ಬಂತು ಅಂತ ಕಾರಣ ಕೊಡುತ್ತಾರೆ. ಇರಲಿ. ಊರ ಕಿವಿಗೆಲ್ಲ ಬೀಗ ಜಡಿದು, ಹೆಣ್ಣುಮಕ್ಕಳನ್ನೂ ಹೊರಗಿಟ್ಟು, ಒಂದೇ ಕೇರಿಯ ಗಂಡುಬಾಯಿಗಳನ್ನು ನೆಚ್ಚಿಕೊಂಡ ವಿದ್ಯೆ ಸೊರಗದೆ ಇನ್ನೇನಾಗುತ್ತೆ?

ಇದೇ ನೆಲದ ಇನ್ನೊಂದು ಬಾಯಿಪಾಠವನ್ನು ಪಕ್ಕದಲ್ಲಿಟ್ಟು ನೋಡೋಣ. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಅವರೂ ದೀಕ್ಷೆ ಪಡೆದವರೇ. ದಲಿತರು, ಹಿಂದುಳಿದವರು. ಆದರೆ ಹಾಡು ಕೇಳೋದಕ್ಕೆ ಯಾವ ದೀಕ್ಷೆಯೂ ಬೇಡ. ಚಿಕ್ಕಲ್ಲೂರು ಜಾತ್ರೆಯಲ್ಲಿ ಯಾರು ಬೇಕಾದರೂ ಕೂತು ಕೇಳಬಹುದು, ಕಂಕುಳ ಕೂಸನ್ನು ಮಲಗಿಸಿಕೊಂಡ ತಾಯಿಯೂ. ಹಿಮ್ಮೇಳದವರು ಸೊಲ್ಲು ಎತ್ತಿಕೊಡುತ್ತಾರೆ, ಕೇಳುವವರು ಹ್ಞೂಂಗುಟ್ಟುತ್ತಾರೆ. ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷಕ್ಕೆ ಹೋಗುವ ಭಾಗ ಬಂದರೆ, ಹಲಗೂರು ಯಾವ ದಿಕ್ಕಿಗಿದೆ ಅಂತ ಗೊತ್ತಿರುವ ಜನ ಅಲ್ಲೇ ಕೂತಿರುತ್ತಾರೆ.

ಇಲ್ಲಿ ಪದ ಬದಲಾದರೆ ಯಾರೂ ಸಾಯುವುದಿಲ್ಲ. ಒಬ್ಬ ಹಿಗ್ಗಿಸಿ ಹಾಡಿದ ಕಡೆ ಇನ್ನೊಬ್ಬ ಬೇಗ ದಾಟುತ್ತಾನೆ. ವಿದ್ವಾಂಸರು ಇದನ್ನು ಪಾಠಾಂತರ ಅಂತ ಅಡಿಟಿಪ್ಪಣಿಗೆ ತಳ್ಳುತ್ತಾರೆ. ನಾವು ಇದನ್ನೇ ಈ ಕಾವ್ಯದ ಜೀವ ಅನ್ನುತ್ತೇವೆ. ಕಲ್ಯಾಣದ ಬಾಗಿಲಲ್ಲಿ ಮಂಟೇಸ್ವಾಮಿಯನ್ನು ಜಂಗಮರು ತಡೆಯುವ, ಬಸವಣ್ಣನ ಮನೆಯಲ್ಲಿ ಉಣ್ಣುವ ಆ ದೊಡ್ಡ ದಂಡಿನಲ್ಲಿ ನಿಜದ ಶರಣರೆಷ್ಟು ಎಂದು ಪರೀಕ್ಷೆಯಾಗುವ ಭಾಗ ಹಾಡುವಾಗ, ಬಾಗಿಲಲ್ಲಿ ತಡೆಸಿಕೊಂಡವರ ಮೊಮ್ಮಕ್ಕಳೇ ಎದುರಿಗಿರುತ್ತಾರೆ. ಅವರ ಮುಖ ನೋಡಿ ಹಾಡು ಹಿಗ್ಗುತ್ತದೆ. ಅಷ್ಟು ಸಾಲು ನೆನಪಿಟ್ಟವನಿಗೆ ಪಂಡಿತ ಅನ್ನಲಿಲ್ಲ, ಅನಕ್ಷರಸ್ಥ ಕಲಾವಿದ ಅಂದರು. ವೇದಕ್ಕೆ ಶ್ರುತಿ ಎಂಬ ಹೆಸರು, ಇದಕ್ಕೆ ಜಾನಪದ!

ಮೇಷ್ಟ್ರುಗಳಿಗೆ ಒಂದು ಮಾತು. ೨೦೨೩ರಲ್ಲಿ ಕರ್ನಾಟಕ ಸರ್ಕಾರ ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಲು ತೀರ್ಮಾನಿಸಿತು. ನಮಗೆ ಸಂತೋಷವೇ. ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಆದರೆ ಅರ್ಥ ಕೇಳಬಾರದ, ಅಕ್ಷರ ತಪ್ಪಬಾರದ ಮಂತ್ರ ಅದಾದರೆ ನಾವೂ ಒಂದು ಘನಪಾಠ ಕಟ್ಟಿದಂತಾಯಿತು. ದಲಿತ ಹೆಣ್ಣುಮಗಳು ಮಾಡಿದ ಅಡುಗೆಯೆಂದು ಬಿಸಿಯೂಟ ಬಿಡಿಸಿದ ಸುದ್ದಿಗಳು ಈ ನಾಡಿನಿಂದಲೇ ಬಂದಿವೆ. ಭ್ರಾತೃತ್ವ ಎಂಬ ಪದ ಬಂದಾಗ ನಿಲ್ಲಿಸಿ, ಹಂಗಂದ್ರೇನು ಅಂತ ಒಂದು ಮಗುವನ್ನು ಕೇಳಿ. ತನ್ನ ಮಾತಲ್ಲಿ ಹೇಳಲಿ, ತಪ್ಪೇ ಹೇಳಲಿ. ಮಧ್ಯಾಹ್ನ ಊಟದ ಸಾಲಿನಲ್ಲಿ ಅದು ಯಾರ ಪಕ್ಕ ಕೂರುತ್ತದೆ, ಅದನ್ನೂ ನೋಡಿ.