ಆಡುವ ಆಟ, ಆಡದ ಮಾತು

ಕನ್ನಡದಲ್ಲಿ ನಾವು ಆಟವನ್ನೂ ಆಡುತ್ತೇವೆ, ಮಾತನ್ನೂ ಆಡುತ್ತೇವೆ. ಎರಡಕ್ಕೂ ಕ್ರಿಯಾಪದ ಒಂದೇ. ಆದುದರಿಂದ ಆಟದ ಮೂಲಕ ಭಾಷೆ ಕಲಿಸಬಹುದೆಂಬುದನ್ನು ಯಾರಾದರೂ ಹೊಸ ಶೋಧವೆಂಬಂತೆ ಹೇಳಿದರೆ ನಮಗೆ ತುಸು ನಗು ಬರುವುದು ಸಹಜ. ಆದರೆ ನಕ್ಕು ತಳ್ಳಿಹಾಕುವ ವಿಷಯ ಇದಲ್ಲ. ಹೊರನಾಡಿನ ನಮ್ಮ ಮನೆಗಳಲ್ಲಿ ಕನ್ನಡ ಕಲಿಯಬೇಕಾದವರು ಈಗ ಮಕ್ಕಳಷ್ಟೇ ಅಲ್ಲ. ಮರಾಠಿಯೋ ತಮಿಳೋ ಪಂಜಾಬಿಯೋ ಆಡುವ ಮನೆಯಿಂದ ಬಂದ ಸೊಸೆ, ಅಳಿಯ. ಇಲ್ಲಿಯೇ ಹುಟ್ಟಿ ಬೆಳೆದು, ಅಜ್ಜಿಯ ಮಾತು ಅರ್ಥವಾದರೂ ಮರುಮಾತಿಗೆ ನಾಲಗೆ ತೊಡರುವ ಮೂವತ್ತು ವರ್ಷದ ಮಗ. ಇವರೆಲ್ಲ ಬೆಳೆದ ವಿದ್ಯಾರ್ಥಿಗಳು. ಇವರ ಕೈಗೆ ಒಂದನೆಯ ಇಯತ್ತೆಯ ಪುಸ್ತಕ ಕೊಟ್ಟರೆ ಎರಡು ವಾರ ಮರ್ಯಾದೆಗಾಗಿ ಓದುತ್ತಾರೆ, ಮೂರನೆಯ ವಾರ ವರ್ಗಕ್ಕೆ ಬರುವುದಿಲ್ಲ.

ಹಾಗಾದರೆ ಕಥೆ ಮತ್ತು ಕಂಪ್ಯೂಟರ್ ಆಟ ಇವರಿಗೆ ನೆರವಾದೀತೆ? ಜಗತ್ತಿನ ಬೇರೆಡೆ ನಡೆದ ಎರಡು ಪ್ರಯತ್ನಗಳನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೊದಲನೆಯದು 2014ರಲ್ಲಿ ಹೊರಬಂದ 'ನೆವರ್ ಅಲೋನ್'. ಅಲಾಸ್ಕಾದ ಉತ್ತರ ಭಾಗದ ಇನುಪಿಯಾಟ್ ಜನರ ಭಾಷೆಯನ್ನು ಇಂದು ಸರಾಗವಾಗಿ ಆಡುವವರು ತೀರ ಕಡಿಮೆ ಮಂದಿ, ಬಹುಪಾಲು ಹಿರಿಯರು. ಅಲ್ಲಿನ ಮೂಲನಿವಾಸಿಗಳ ಸೇವಾ ಸಂಸ್ಥೆಯಾದ ಕುಕ್ ಇನ್‌ಲೆಟ್ ಟ್ರೈಬಲ್ ಕೌನ್ಸಿಲ್ ತಾನೇ ಹಣ ಹೂಡಿ, ಈ-ಲೈನ್ ಮೀಡಿಯಾ ಎಂಬ ಕಂಪೆನಿಯೊಂದಿಗೆ ಸೇರಿ ಈ ಆಟವನ್ನು ನಿರ್ಮಿಸಿತು. ರಾಬರ್ಟ್ ಕ್ಲೀವ್‌ಲೆಂಡ್ ಎಂಬ ಹೆಸರಾಂತ ಕಥೆಗಾರ ಹೇಳುತ್ತಿದ್ದ, ನಿಲ್ಲದ ಹಿಮಗಾಳಿಯ ಮೂಲವನ್ನು ಹುಡುಕಿ ಹೊರಟವನ ಕಥೆ ಇದಕ್ಕೆ ಆಧಾರ. ನಿರ್ಮಾಪಕರು ಆತನ ಮಗಳು ಮಿನ್ನೀ ಗ್ರೇ ಅವರ ಬಳಿಗೆ ಹೋಗಿ ಅನುಮತಿ ಪಡೆದರು. ಮೂಲದಲ್ಲಿದ್ದ ಹುಡುಗ ಆಟದಲ್ಲಿ ನೂನಾ ಎಂಬ ಹುಡುಗಿಯಾದದ್ದೂ ಮನೆಯವರ ಒಪ್ಪಿಗೆಯಿಂದಲೇ. ನೂನಾಳ ಜೊತೆಗೆ ಒಂದು ಬಿಳಿ ನರಿ. ಇಬ್ಬರು ಆಡುವುದಾದರೆ ಒಬ್ಬರು ಹುಡುಗಿ, ಇನ್ನೊಬ್ಬರು ನರಿ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮುಂದೆ ಹೋಗುವಂತಿಲ್ಲ. 2015ರಲ್ಲಿ ಚೊಚ್ಚಲ ಕೃತಿಗಾಗಿ ಇದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು.

ಇದನ್ನು ಮೂರು ನಾಲ್ಕು ತಾಸುಗಳಲ್ಲಿ ಆಡಿ ಮುಗಿಸಬಹುದು. ನಾವು ಎರಡು ಸಂಜೆ ಕುಳಿತು ಮುಗಿಸಿದೆವು. ನಮ್ಮ ಮನಸ್ಸಿನಲ್ಲಿ ಉಳಿದದ್ದು ಚಿತ್ರವಲ್ಲ, ದನಿ. ವಯಸ್ಸಾದವರೊಬ್ಬರು ಅವಸರವಿಲ್ಲದೆ ತಮ್ಮ ನುಡಿಯಲ್ಲಿಯೇ ಕಥೆ ಹೇಳುತ್ತಾರೆ. ಅರ್ಥ ತೆರೆಯ ಮೇಲೆ ಅಕ್ಷರಗಳಲ್ಲಿ ಮೂಡುತ್ತದೆ. ಆಡುತ್ತ ಹೋದಂತೆ ಗೂಬೆಗಳು ಸಿಗುತ್ತವೆ. ಒಂದೊಂದು ಗೂಬೆ ಸಿಕ್ಕಾಗಲೂ ಆ ಜನರ ಬದುಕಿನ ಬಗೆಗಿನ ಒಂದು ಕಿರುಚಿತ್ರ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಗೂಬೆ ಅಪಶಕುನ, ಅಲ್ಲಿ ಜ್ಞಾನದ ಬಾಗಿಲು! ಇಷ್ಟು ಗೌರವದಿಂದ ಒಂದು ಸಣ್ಣ ಜನಾಂಗದ ಕಥೆಯನ್ನು ಲೋಕದ ಮುಂದಿಟ್ಟ ಆಟ ಅಪರೂಪವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಭಾಷೆ ಕಲಿಸುವ ಸಾಧನವೆಂದು ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಆ ನುಡಿಯ ಒಂದು ಪದವೂ ತಿಳಿಯದೆ ಆಟವನ್ನು ಕೊನೆಮುಟ್ಟಿಸಬಹುದು. ಓಡಲು, ಜಿಗಿಯಲು, ಕರಡಿಯಿಂದ ತಪ್ಪಿಸಿಕೊಳ್ಳಲು ಬೆರಳು ಸಾಕು, ನಾಲಗೆ ಬೇಡ. ಕಥೆ ಅವರ ಭಾಷೆಯಲ್ಲಿದೆ, ಆಟ ಯಾವ ಭಾಷೆಯಲ್ಲೂ ಇಲ್ಲ. ಆ ನುಡಿಯನ್ನು ಲಕ್ಷಾಂತರ ಜನರ ಕಿವಿಗೆ ಮುಟ್ಟಿಸಿದ್ದು ಸಣ್ಣ ಕೆಲಸವಲ್ಲ, ನಿಜ. ಆದರೆ ಕೇಳಿಸುವುದು ಬೇರೆ, ಆಡಿಸುವುದು ಬೇರೆ.

ಎರಡನೆಯ ಪ್ರಯತ್ನದ ದೋಷ ಇದಕ್ಕೆ ತದ್ವಿರುದ್ಧ. 2012ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಅಮೆರಿಕದ 'ಡುಯೋಲಿಂಗೊ' ಭಾಷಾಪಾಠವನ್ನೇ ಆಟವಾಗಿಸಿತು. ಸರಿಯುತ್ತರಕ್ಕೆ ಅಂಕ, ದಿನ ತಪ್ಪದವರಿಗೆ ಶಹಭಾಸ್, ತಪ್ಪಿಸಿದವರಿಗೆ ನೆನಪೋಲೆ. (ಇಲ್ಲಿಯೂ ಗೂಬೆಯೇ ಲಾಂಛನವೆಂಬುದು ವಿನೋದದ ಸಂಗತಿ.) 2018ರಲ್ಲಿ ಹವಾಯಿ ಮತ್ತು ನವಾಹೋ ಭಾಷೆಗಳಿಗೂ ಅದು ಜಾಗ ಕೊಟ್ಟಿತು. ಇದರಲ್ಲಿ ಪದ ತಿಳಿಯದೆ ಮುಂದೆ ಸಾಗುವಂತಿಲ್ಲ, ಅದು ಗುಣ. ಆದರೆ ವಾಕ್ಯಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ. ಯಾರು ಯಾರಿಗೆ, ಯಾವ ಸಂದರ್ಭದಲ್ಲಿ, ಏಕೆ ಹೇಳಿದರೆಂಬುದಿಲ್ಲ. ಚಿಕ್ಕ ಚಿಕ್ಕ ಕಥೆಗಳನ್ನು ಮುಂದೆ ಕೆಲವು ಭಾಷೆಗಳಿಗೆ ಸೇರಿಸಿದರಾದರೂ ಅವು ಆಯಾ ನಾಡಿನಲ್ಲಿ ಹುಟ್ಟಿದ ಕಥೆಗಳಲ್ಲ. ವೆಲ್ಷ್ ಭಾಷೆಯವರ ಅನುಭವವನ್ನೂ ಮರೆಯಬಾರದು. ಸ್ವಯಂಸೇವಕರು ಶ್ರಮಪಟ್ಟು ಕಟ್ಟಿದ ಆ ಪಾಠಗಳನ್ನು ಇನ್ನು ಮುಂದೆ ಬೆಳೆಸುವುದಿಲ್ಲವೆಂದು ಕಂಪೆನಿ 2023ರಲ್ಲಿ ತಿಳಿಸಿತು. ಪರರ ಅಂಗಳದಲ್ಲಿ ನೆಟ್ಟ ಗಿಡಕ್ಕೆ ನೀರೆರೆಯುವುದು ಅವರ ಇಚ್ಛೆ.

ಹೀಗೆ ಒಂದರಲ್ಲಿ ಕಥೆಯಿದೆ, ಕಲಿಕೆಯಿಲ್ಲ. ಇನ್ನೊಂದರಲ್ಲಿ ಕಲಿಕೆಯಿದೆ, ಕಥೆಯಿಲ್ಲ. ಎರಡನ್ನೂ ಕೂಡಿಸುವ ದಾರಿ ನಮ್ಮ ಜನಪದದಲ್ಲಿಯೇ ಇದೆಯೆಂದು ನಮ್ಮ ನಂಬಿಕೆ. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ನೆನೆಯಿರಿ. ಮಳೆಗೆ ಮನೆ ಕಳೆದುಕೊಂಡ ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ಒಳಗಿನಿಂದ ಗುಬ್ಬಕ್ಕ, ಮಗುವಿಗೆ ನೀರೆರೆಯುತ್ತಿದ್ದೇನೆ, ಉಣಿಸುತ್ತಿದ್ದೇನೆ, ಮಲಗಿಸುತ್ತಿದ್ದೇನೆ ಎಂದು ಒಂದೊಂದು ಸಲ ಒಂದೊಂದು ನೆಪ ಹೇಳುತ್ತಾಳೆ. ವಾಕ್ಯದ ಕಟ್ಟು ಅದೇ, ಕ್ರಿಯಾಪದ ಮಾತ್ರ ಬೇರೆ. ವ್ಯಾಕರಣದ ಪಂಡಿತರು ಕುಳಿತು ರಚಿಸಿದರೂ ಇದಕ್ಕಿಂತ ಒಳ್ಳೆಯ ಅಭ್ಯಾಸಪಾಠ ಸಿಗಲಾರದು. ಮೇಲಾಗಿ, ಬಾಗಿಲು ತೆರೆಯುತ್ತದೆಯೋ ಇಲ್ಲವೋ ಎಂಬ ಕಳವಳ ಕೇಳುವವನನ್ನು ಹಿಡಿದು ಕೂರಿಸುತ್ತದೆ. ಸರಿಯಾದ ನೆಪ ಹೇಳದೆ ಕಥೆ ಮುಂದೆ ಸಾಗದಂತೆ ಮಾಡಿದರೆ ಅದೇ ಆಟ. ಬೆಳೆದವರಿಗೆ ಹಕ್ಕಿಯ ಕಥೆ ಸಣ್ಣದೆನಿಸಿದರೆ, ಅತ್ತೆ ಸೊಸೆಯರ ಜಾಣತನದ ಕಥೆಗಳಿಗೆ ನಮ್ಮಲ್ಲಿ ಬರವೇ?

ಚೌಕಾಬಾರವನ್ನೇ ನೋಡಿ. ಕವಡೆ ಬಿದ್ದಾಗ ಎಣಿಕೆ ಕೂಗಬೇಕು. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಎದುರಾಳಿಯ ಕಾಯಿ ಕಡಿಯಬೇಕು, ತನ್ನ ಕಾಯಿ ಹಣ್ಣಾಗಿಸಬೇಕು. ಲೆಕ್ಕ ತಪ್ಪಿದವರೊಡನೆ ಜಗಳವಾಡಬೇಕು. ಆಟಕ್ಕಿಂತ ಆಟದ ಜಗಳದಲ್ಲಿಯೇ ಭಾಷೆ ಹೆಚ್ಚು ಬೆಳೆಯುತ್ತದೆಂಬುದು ನಮ್ಮೆಲ್ಲರ ಬಾಲ್ಯದ ಅನುಭವ. ಮಾತಾಡದೆ ಆಡಲಾಗದ ಆಟ ಅದು.

ಯಂತ್ರಕ್ಕೆ ಒಂದು ದೊಡ್ಡ ಗುಣವಿದೆ, ಅದನ್ನು ಒಪ್ಪಲೇಬೇಕು. ಅದು ನಗುವುದಿಲ್ಲ. ಸೊಸೆ "ಮಾವ ಬಂದಳು" ಎಂದರೆ ನಾವು ಮನೆಮಂದಿಯೆಲ್ಲ ಪ್ರೀತಿಯಿಂದಲೇ ನಗುತ್ತೇವೆ. ಆದರೆ ಮರುದಿನದಿಂದ ಆಕೆ ಹಿಂದಿಗೋ ಇಂಗ್ಲಿಷಿಗೋ ತಿರುಗುತ್ತಾಳೆ. ಮಗುವಿನ ತಪ್ಪು ಮುದ್ದು, ದೊಡ್ಡವರ ತಪ್ಪು ಅವಮಾನ. ಒಂಟಿಯಾಗಿ ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ಸರಿಮಾಡಿಕೊಳ್ಳುವ ಏಕಾಂತವನ್ನು ಯಂತ್ರ ಕೊಡಬಲ್ಲದು. ಆದರೆ ಆ ಏಕಾಂತದಿಂದ ಹೊರಬಂದಾಗ ಮಾತಾಡಲು ಎದುರಿಗೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯನ ಜಾಗದಲ್ಲಿ ಯಂತ್ರವನ್ನು ಕೂರಿಸಿ ನಾವು ಕೈತೊಳೆದುಕೊಂಡರೆ ತಪ್ಪು ಯಂತ್ರದ್ದಲ್ಲ.

ಕನ್ನಡದ ಆಟಗಳನ್ನು ರಚಿಸಬಲ್ಲ ತರುಣರು ನಮ್ಮ ಸಂಘಗಳ ಸದಸ್ಯರಲ್ಲಿಯೇ ಇದ್ದಾರೆ. ಅವರು ಅಲಾಸ್ಕಾದವರಿಂದ ಕಲಿಯಬೇಕಾದದ್ದು ಚಿತ್ರಕಲೆಯನ್ನಲ್ಲ, ಹಿರಿಯರ ಮನೆಬಾಗಿಲಿಗೆ ಹೋಗಿ ಕೇಳುವ ಕ್ರಮವನ್ನು. ಧಾರವಾಡದ ಅಜ್ಜಿಯ ದನಿ ಧಾರವಾಡದ್ದಾಗಿಯೇ, ಕುಂದಾಪುರದವರದು ಕುಂದಾಪುರದ್ದಾಗಿಯೇ ಉಳಿಯಲಿ. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಸೊಸೆ ಅತ್ತೆಯ ಅಡಿಗೆಮನೆಯಲ್ಲಿ ಮತ್ತೆ ಮೂಕಿಯಾಗುತ್ತಾಳೆ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಅವು ಆಕೆ ನಿದ್ರಿಸುವಾಗ ಹೊರಬಿದ್ದು, ಒಂದು ಜೋಡು ಚಪ್ಪಲಿಯಾಗಿ, ಇನ್ನೊಂದು ಗಂಡಸಿನ ಅಂಗಿಯಾಗಿ ಮನೆಯಲ್ಲಿ ಜಗಳ ತಂದಿಟ್ಟವು. ಊರಿನ ದೀಪಗಳ ಮಾತಿನಿಂದ ನಿಜ ತಿಳಿದ ಗಂಡ ಬಂದು ಆ ಕಥೆ, ಆ ಹಾಡು ಯಾವುದೆಂದು ಕೇಳಿದಾಗ, ಆಕೆಗೆ ಎರಡೂ ಮರೆತುಹೋಗಿದ್ದವು.

ನಮ್ಮ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಒಂದು ದಿನ ಕೇಳಿಯೇ ಕೇಳುತ್ತಾರೆ. ಅಷ್ಟರೊಳಗೆ ನಾವು ಮರೆತಿರಬಾರದು.