ನಿಕುಂಭ್ ಮೇಷ್ಟ್ರು ರಜೆ ಹಾಕಿದರೆ?

ಮಕ್ಕಳ ಕಲಿಕೆಯ ತೊಂದರೆಗಳ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮವರಲ್ಲಿ ಯಾರಾದರೊಬ್ಬರು ‘ತಾರೇ ಜಮೀನ್ ಪರ್’ ಹೆಸರು ಎತ್ತಿಯೇ ಎತ್ತುತ್ತಾರೆ. ಅಮೋಲ್ ಗುಪ್ತೆ ಬರೆದು, ಆಮಿರ್ ಖಾನ್ ನಿರ್ದೇಶಿಸಿದ ಈ ಸಿನಿಮಾ 2007ರ ಡಿಸೆಂಬರಿನಲ್ಲಿ ಬಂತು. ಡಿಸ್ಲೆಕ್ಸಿಯಾ ಎಂಬ ಪದ ನಮ್ಮಂಥವರ ಮನೆಯೊಳಗೆ ಕಾಲಿಟ್ಟದ್ದೇ ಅದರಿಂದ. ಅದಕ್ಕೂ ಮುಂಚೆ ನಮ್ಮ ಬಳಿ ಇದ್ದದ್ದು ಎರಡೇ ಪದ: ದಡ್ಡ, ಸೋಮಾರಿ. ಆ ಋಣ ದೊಡ್ಡದು. ಅದನ್ನು ನೆನೆದೇ ಇಲ್ಲೊಂದು ತಕರಾರು ಎತ್ತುತ್ತಿದ್ದೇನೆ.

ಸಿನಿಮಾದ ಮೊದಲ ಅರ್ಧ ಇವತ್ತಿಗೂ ಹಳತಾಗಿಲ್ಲ. ಗಣಿತದ ಪರೀಕ್ಷೆಯಲ್ಲಿ ಮೂರೊಂಬತ್ಲಿ ಎಷ್ಟು ಎಂದು ಹುಡುಕುತ್ತ ಇಶಾನ್ ಗ್ರಹಗಳ ನಡುವೆ ಹಾರಾಡಿ, ಪ್ಲೂಟೋವನ್ನು ಕೆಡವಿ, ಕೊನೆಗೆ ಮೂರು ಎಂದು ಬರೆದು ಬರುತ್ತಾನೆ. ನಗು ಬರುತ್ತದೆ, ಹಿಂದೆಯೇ ಹೆದರಿಕೆಯೂ ಆಗುತ್ತದೆ. ಬೋರ್ಡಿಂಗ್ ಶಾಲೆಯ ಹಿಂದಿ ತರಗತಿಯ ದೃಶ್ಯ ಇನ್ನೂ ಹರಿತವಾದದ್ದು. ಪದ್ಯದ ಅರ್ಥವನ್ನು ಇಶಾನ್ ತನ್ನ ಮಾತಿನಲ್ಲಿ ಹೇಳುತ್ತಾನೆ, ಸರಿಯಾಗಿಯೇ ಹೇಳುತ್ತಾನೆ. ಮೇಷ್ಟ್ರಿಗೆ ಬೇಕಾದದ್ದು ಉರುಹೊಡೆದ ಉತ್ತರ, ಅದನ್ನು ಒಪ್ಪಿಸಿದ ಇನ್ನೊಬ್ಬ ಹುಡುಗ ಶಭಾಷ್ ಎನಿಸಿಕೊಳ್ಳುತ್ತಾನೆ. ತೊಂದರೆ ಹುಡುಗನ ತಲೆಯಲ್ಲಿ ಮಾತ್ರ ಇಲ್ಲ, ತರಗತಿ ಕಟ್ಟಿದ ರೀತಿಯಲ್ಲೂ ಇದೆ ಎಂದು ಆ ದೃಶ್ಯ ಭಾಷಣವಿಲ್ಲದೆ ತೋರಿಸುತ್ತದೆ.

ಆಮೇಲೆ ರಾಮ್ ಶಂಕರ್ ನಿಕುಂಭ್ ಬರುತ್ತಾನೆ. ಇಲ್ಲಿಂದ ಸಿನಿಮಾ ತರಗತಿಯನ್ನು ಬಿಟ್ಟು ಒಬ್ಬ ಮನುಷ್ಯನ ಹಿಂದೆ ಹೋಗುತ್ತದೆ. ಅವನು ಹಂಗಾಮಿ ಚಿತ್ರಕಲಾ ಶಿಕ್ಷಕ. ಸ್ವತಃ ಡಿಸ್ಲೆಕ್ಸಿಯಾ ಅನುಭವಿಸಿ ಬೆಳೆದವನು. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು, ಈ ಹುಡುಗನನ್ನು ಸ್ವಲ್ಪ ಕಾಲ ಬಾಯಿಮಾತಿನಲ್ಲಿ ಪರೀಕ್ಷಿಸಿ, ವಾರಕ್ಕೆ ಕೆಲವು ಗಂಟೆ ನಾನೇ ಕಲಿಸುತ್ತೇನೆ ಎಂದು ಕೇಳಿಕೊಳ್ಳುತ್ತಾನೆ. ಪ್ರಿನ್ಸಿಪಾಲರು ಒಪ್ಪುತ್ತಾರೆ. ಮಾತಿನಲ್ಲಿ ಹಕ್ಕಿನ ಸುಳಿವು ಇದ್ದರೂ ದೃಶ್ಯದ ತೂಕವೆಲ್ಲ ವಿನಂತಿಯ ಕಡೆಗೇ. ನಂತರ ಮರಳಿನಲ್ಲಿ ಅಕ್ಷರ, ಜೇಡಿಮಣ್ಣಿನಲ್ಲಿ ಆಕಾರ, ಮೆಟ್ಟಿಲ ಮೇಲೆ ಕೂಡುವ ಲೆಕ್ಕ. ಇವು ನಿಜವಾದ ವಿಧಾನಗಳೇ. ಆದರೆ ವರ್ಷಗಟ್ಟಲೆ ಹಿಡಿಯುವ ಕೆಲಸ ಒಂದು ಹಾಡಿನ ಹೊತ್ತಿಗೆ ಮುಗಿದುಬಿಡುತ್ತದೆ.

ನಮ್ಮ ಐಟಿ ಕಸುಬಿನಲ್ಲಿ ಪ್ರಾಜೆಕ್ಟ್ ಶುರುವಾಗುವ ಮೊದಲು ಅಪಾಯಗಳ ಪಟ್ಟಿ ಮಾಡುತ್ತೇವೆ. ಒಬ್ಬನಿಗೆ ಮಾತ್ರ ಗೊತ್ತಿರುವ ಕೆಲಸ ಆ ಪಟ್ಟಿಯ ಮೇಲ್ತುದಿಯಲ್ಲಿರುತ್ತದೆ. ಅವನು ಎಷ್ಟು ಜಾಣ ಎಂದು ಯಾರೂ ಕೇಳುವುದಿಲ್ಲ, ಅವನಿಲ್ಲದ ದಿನ ಏನು ಎಂದು ಕೇಳುತ್ತೇವೆ. ನಿಕುಂಭ್ ಇಲ್ಲದ ದಿನ ಇಶಾನ್ ಗತಿ ಏನು? ಈ ಪ್ರಶ್ನೆಯನ್ನು ಸಿನಿಮಾ ಕೇಳುವುದಿಲ್ಲ.

ಸಿನಿಮಾದ ಮೇಲೆ ಪೂರ್ತಿ ತಪ್ಪು ಹೊರಿಸುವುದು ನ್ಯಾಯವಲ್ಲ. ಆಗ ಜಾರಿಯಲ್ಲಿದ್ದದ್ದು 1995ರ ಕಾಯ್ದೆ. ಅದು ಪಟ್ಟಿ ಮಾಡಿದ್ದ 7 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆ ಇರಲೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿತು, ಡಿಸ್ಲೆಕ್ಸಿಯಾವೂ ಒಳಗೆ ಬಂತು. ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಭೇದವಿಲ್ಲದೆ ಪ್ರವೇಶ ಕೊಡಬೇಕು, ಮಗುವಿಗೆ ತಕ್ಕ ಅನುಕೂಲ ಮಾಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು ಎನ್ನುತ್ತದೆ ಅದರ 16ನೇ ಸೆಕ್ಷನ್. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ 17ನೇ ಸೆಕ್ಷನ್ನಿನಲ್ಲಿವೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು 2022ರಲ್ಲಿ ಕೇಂದ್ರ ಸರಕಾರ ನಿಗದಿ ಮಾಡಿತು. ಕಾನೂನು ಇಷ್ಟು ದೂರ ಬಂದಿದೆ. ನಾವು ಮಾತ್ರ ಇನ್ನೂ ನಿಕುಂಭ್‌ನನ್ನೇ ಹುಡುಕುತ್ತಿದ್ದೇವೆ.

ನನ್ನ ಅಕ್ಕ ಹೈದರಾಬಾದಿನಲ್ಲಿದ್ದಾಳೆ. ಅವಳ ಮಗ ನಾಲ್ಕನೇ ತರಗತಿಯಲ್ಲಿದ್ದಾಗ ಶಾಲೆಯವರು, ನಮ್ಮಲ್ಲಿ ವಿಶೇಷ ಶಿಕ್ಷಕರಿಲ್ಲ, ಬೇಕಿದ್ದರೆ ನಿಮ್ಮ ಖರ್ಚಿನಲ್ಲಿ ಯಾರನ್ನಾದರೂ ಕರೆತನ್ನಿ, ಇಲ್ಲವೇ ಅವನಿಗೆ ಹೊಂದುವ ಶಾಲೆ ನೋಡಿಕೊಳ್ಳಿ ಎಂದರು. ಅವತ್ತು ರಾತ್ರಿ ಅಕ್ಕ ಫೋನಿನಲ್ಲಿ, “ಕ್ಲಾಸ್ ಟೀಚರ್ ತುಂಬಾ ಒಳ್ಳೆಯವರು ಕಣೋ, ನಾನು ನೋಡ್ಕೋತೀನಿ ಅಂದಿದಾರೆ, ಕೈಮುಗಿದು ಬಂದೆ” ಎಂದಳು. ನೋಡಿಕೊಂಡರು ಕೂಡ. ಮುಂದಿನ ಜೂನಿನಲ್ಲಿ ಅವರು ಬೇರೆ ಶಾಲೆಗೆ ಹೋದರು. ಹುಡುಗ ಮತ್ತೆ ಹಿಂದಿನ ಬೆಂಚಿಗೆ ಬಂದ.

ಊರು ಬಿಟ್ಟು ಬಂದ ನಮಗೆ ಇನ್ನೊಂದು ಪೇಚೂ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಜೊತೆಗೆ ಹಿಂದಿ ಮತ್ತು ಆಯಾ ರಾಜ್ಯದ ಭಾಷೆ. ಮಗು ಓದಲು ತಡವರಿಸಿದರೆ ‘ಇಷ್ಟು ಭಾಷೆ ಇದ್ದರೆ ಹೀಗೇ, ಸರಿಹೋಗುತ್ತದೆ’ ಎಂದು ವರ್ಷ ಕಳೆಯುತ್ತೇವೆ. ಇಲ್ಲವೇ ಯಾರದೋ ಸಲಹೆ ಕೇಳಿ ಮನೆಯಲ್ಲಿ ಕನ್ನಡ ಮಾತಾಡುವುದನ್ನೇ ನಿಲ್ಲಿಸುತ್ತೇವೆ. ಹಲವು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಕಾನೂನಿನ ವಿನಾಯಿತಿ ಇರುವುದು ಶಾಲೆಯ ಪಾಠ, ಪರೀಕ್ಷೆಗಳಿಗೆ. ಅಜ್ಜಿಯ ಜೊತೆ ಮಗು ಆಡುವ ಮಾತಿಗಲ್ಲ.

ಸಿನಿಮಾದ ಬಗ್ಗೆ ನನ್ನ ದೊಡ್ಡ ತಕರಾರು ಬೇರೆಯೇ. ಅದರಲ್ಲಿ ತೊಂದರೆ ಇರುವ ಪ್ರತಿಯೊಬ್ಬರೂ ಯಾವುದಾದರೊಂದರಲ್ಲಿ ಮುಂದಿರುತ್ತಾರೆ. ಕಾಲಿನ ತೊಂದರೆಯ ರಾಜನ್ ದಾಮೋದರನ್ ತರಗತಿಯ ಜಾಣರಲ್ಲಿ ಒಬ್ಬ. ನಿಕುಂಭ್ ಪಾಠದಲ್ಲಿ ಹೆಸರಿಸುವವರು ಐನ್‌ಸ್ಟೈನ್, ಲಿಯೊನಾರ್ಡೊ, ಎಡಿಸನ್. ಇಶಾನ್ ಕೊನೆಗೆ ಚಿತ್ರಸ್ಪರ್ಧೆಯಲ್ಲಿ ಮೇಷ್ಟ್ರನ್ನೂ ಮೀರಿಸಿ ಗೆಲ್ಲುತ್ತಾನೆ. ಆ ಗೆಲುವಿಗೆ ಥಿಯೇಟರಿನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು, ನಾನೂ. ಆದರೆ ಓದಲು ಬಾರದ, ಚಿತ್ರವೂ ಬಾರದ, ಹಾಡೂ ಬಾರದ ಹುಡುಗ? ಪ್ರತಿಭೆಯನ್ನು ಮುಂಗಡ ಕಟ್ಟಿಸಿಕೊಂಡು ಕೊಡುವ ಜಾಗ ಹಕ್ಕಾಗುವುದಿಲ್ಲ. ಈ ಸಿನಿಮಾ ನೋಡಿ ಬಂದ ಅಪ್ಪ ಅಮ್ಮಂದಿರು ಮಗುವಿನ ‘ಅಡಗಿರುವ ಪ್ರತಿಭೆ’ ಹುಡುಕಲು ಕೀಬೋರ್ಡು, ಚೆಸ್ಸು, ಚಿತ್ರಕಲೆ ಎಂದು ಮೂರು ಕ್ಲಾಸಿಗೆ ಸೇರಿಸಿದ್ದನ್ನು ಕಂಡಿದ್ದೇನೆ. ಆ ಮಗುವಿಗೆ ಬೇಕಿದ್ದದ್ದು ಸಮಾಜ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ. ಸಿಬಿಎಸ್‌ಇಯ ಮೂರು ಗಂಟೆಯ ಪರೀಕ್ಷೆಗೆ ಅದು ಒಂದು ಗಂಟೆ. ಅರ್ಜಿ ಹಾಕಲು ಬೇಕಾದದ್ದು ಪ್ರಮಾಣಪತ್ರ, ಬಹುಮಾನದ ಕಪ್ ಅಲ್ಲ.

ಸಿನಿಮಾವನ್ನು ನೋಡಬೇಡಿ ಎನ್ನುತ್ತಿಲ್ಲ. ಮಕ್ಕಳ ಜೊತೆ ಕೂತು ಇನ್ನೊಮ್ಮೆ ನೋಡಿ. ಹಿಂದಿ ತರಗತಿಯ ದೃಶ್ಯ ಬಂದಾಗ ನಿಲ್ಲಿಸಿ, ನಿಮ್ಮ ಶಾಲೆಯಲ್ಲಿ ಹೀಗಾಗುತ್ತದಾ ಎಂದು ಕೇಳಿ. ಮುಂದಿನ ಪೋಷಕರ ಸಭೆಯಲ್ಲಿ ಶಾಲೆಯವರನ್ನು ಕೇಳಬೇಕಾದದ್ದು ಒಳ್ಳೆಯ ಟೀಚರ್ ಇದ್ದಾರೆಯೇ ಎಂದಲ್ಲ. ವಿಶೇಷ ಶಿಕ್ಷಕರ ಹುದ್ದೆ ಇದೆಯೇ, ಅದು ಭರ್ತಿಯಾಗಿದೆಯೇ, ಅವರು ಬಿಟ್ಟುಹೋದರೆ ಮುಂದಿನವರು ಯಾವಾಗ ಬರುತ್ತಾರೆ ಎಂದು. ಉತ್ತರವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.